ಕಿವಿಯಣ್ಣ ಆರಿಸಿದ ಮೈಕ್

ಕುರ್ಚಿಯ ಮೇಲೆ ಹತ್ತಿ ನಿಂತು ತಂಗಿ ಕಿಟಕಿಗೆ ಜಡಿದಿದ್ದ ದಪ್ಪ ಕಂಬಳಿಯ ಮೊಳೆಗಳನ್ನು ಕೀಳುತ್ತಿದ್ದಳು. ಎರಡು ಬಂದವು, ಮೂರನೆಯದು ಜಪ್ಪಯ್ಯ ಅನ್ನಲಿಲ್ಲ. ಅಷ್ಟರಲ್ಲಿ ಕೆಳಗೆ ಅಣ್ಣನ ದೇಹ ತಂದ ಗಾಡಿ ನಿಂತ ಸದ್ದಾಯಿತು.

"ಇಳಿಯೇ, ಬಿದ್ದುಗಿದ್ದು ಬಿಟ್ಟೀಯ," ಎಂದ ಅವಳ ಗಂಡ.

"ಕೋಣೆ ಕತ್ತಲೆ ರೀ. ಬಂದವರು ಅವನ ಮುಖ ನೋಡೋದು ಬೇಡ್ವಾ?"

ಜೋರಾಗಿ ಜಗ್ಗಿದಳು. ಮೊಳೆ, ಕಂಬಳಿ, ಒಂದು ಹಿಡಿ ಸುಣ್ಣ ಎಲ್ಲ ಒಟ್ಟಿಗೇ ಬಂದವು. ಹನ್ನೊಂದು ವರ್ಷದ ಮೇಲೆ ಆ ಕೋಣೆಗೆ ಬಿಸಿಲು ಬಿತ್ತು.

ನಾಲ್ಕು ಜನ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಹೊತ್ತು ತಂದು ಅಣ್ಣನನ್ನು ಕಿಟಕಿಯ ಕೆಳಗೆ ಮಲಗಿಸಿದರು. ಹಿಂದಿನ ದಿನ ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮದುವೆ ಮಕ್ಕಳು ಅಂತ ಏನೂ ಇರಲಿಲ್ಲ. ಇದ್ದದ್ದು ಲಿಫ್ಟ್ ರಿಪೇರಿಯ ಕೆಲಸ, ಒಂದು ಗಿಟಾರು, ಈ ಕೋಣೆ.

"ಇವನಂಥ ಕಿವಿ ಇನ್ನೊಬ್ಬರಿಗೆ ಇರಲಿಲ್ಲಮ್ಮ," ಎಂದ ಅವನ ಜೊತೆ ಮೂವತ್ತು ವರ್ಷ ದುಡಿದ ಮೆಕ್ಯಾನಿಕ್. "ನಾವು ಲಿಫ್ಟ್ ಬಿಚ್ಚಿ ನೋಡಬೇಕು. ಇವನು ಬಾಗಿಲಿಗೆ ಕಿವಿ ಇಟ್ಟು, ಮೇಲಿನ ಗಾಲಿ ಸವೆದಿದೆ ಅಂತ ಹೇಳಿಬಿಡೋನು. ಅದಕ್ಕೇ ಕಿವಿಯಣ್ಣ ಅಂತಿದ್ವಿ." ಗಡಿಯಾರ ನೋಡಿಕೊಂಡು ಅಂದ: "ಹನ್ನೆರಡಕ್ಕೆ ತಗೊಂಡು ಹೋಗೋದಲ್ವಾ? ಅಲ್ಲೀತನಕ ಅವನು ನುಡಿಸಿದ್ದು ಏನಾದ್ರೂ ಹಾಕಬಾರದಾ?"

ತಂಗಿಯ ಮಗಳು ಮೂಲೆಯ ಕಂಪ್ಯೂಟರ್ ತೆರೆದಳು. ರೆಕಾರ್ಡಿಂಗ್ ಸಾಫ್ಟ್‌ವೇರುಗಳೇ ಮೂರು ಇದ್ದವು. 'ಪರೀಕ್ಷೆ' ಎಂಬ ಹೆಸರಿನ ಫೈಲುಗಳು ನಾನೂರ ಹನ್ನೆರಡು. ಒಂದನ್ನು ಒತ್ತಿದಳು. ಏನೂ ಇಲ್ಲ; ಎಲ್ಲೋ ದೂರದಲ್ಲಿ ಫ್ರಿಜ್ಜಿನ ಗುಂಯ್ ಎಂಬ ಸದ್ದು. ಇನ್ನೊಂದನ್ನು ಒತ್ತಿದಳು. ಅದರಲ್ಲೂ ಅಷ್ಟೇ.

"ಅಮ್ಮಾ, ಮಾಮ ಎಲ್ಲದರಲ್ಲೂ ಬರೀ ಖಾಲಿ ಕೋಣೇನ ರೆಕಾರ್ಡ್ ಮಾಡಿದಾನೆ."

ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

*

ಹತ್ತು ವರ್ಷದ ಹಿಂದೆ ಅವಳ ಮನೆಗೆ ನೆಂಟರು ಬಂದಿದ್ದರು. ಅಣ್ಣ ಗಿಟಾರು ತಂದಿದ್ದ. ನುಡಿಸು ಅಂದರೆ ಎರಡು ತಂತಿ ಮೀಟಿ ಕೈ ಬಿಟ್ಟ.

"ಮನೆಯಲ್ಲೇ ರೆಕಾರ್ಡ್ ಮಾಡಿ ಕೇಳಿಸ್ತೀನಿ. ಒಳ್ಳೇ ಮೈಕ್ ನೋಡ್ತಿದೀನಿ," ಎಂದ. ಮೊದಲು ತಂದದ್ದು ಸೂಜಿ ಬಿದ್ದ ಸದ್ದನ್ನೂ ಹಿಡಿಯುತ್ತಿತ್ತಂತೆ, ಹಾಗಾಗಿ ಪಕ್ಕದ ಮನೆಯ ಕೆಮ್ಮೂ ಬರುತ್ತಿತ್ತು. ಇನ್ನೊಂದು ತಂದರೆ ಅದಕ್ಕೆ ತಂತಿಯ ಜೀವವೇ ಕೇಳುತ್ತಿರಲಿಲ್ಲ. ಸಾಫ್ಟ್‌ವೇರೂ ಬದಲಾಯಿಸಬೇಕು, ಹೊರಗಿನ ಸದ್ದು ಬರದಂತೆ ಗೋಡೆಗೆ ಇನ್ನೊಂದು ಪದರ ಕಂಬಳಿ ಬೇಕು.

ವರ್ಷದಿಂದ ಇದೇ ಪುರಾಣ ಕೇಳಿ ಅವಳಿಗೆ ಸಾಕಾಗಿತ್ತು. "ಸಾಕು ಬಿಡಣ್ಣಾ," ಎಂದಳು ಎಲ್ಲರೆದುರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ನೆಂಟರೆಲ್ಲ ಘೊಳ್ಳೆಂದು ನಕ್ಕರು. ಅಣ್ಣನೂ ನಕ್ಕ, ಎಲ್ಲರಿಗಿಂತ ಸ್ವಲ್ಪ ಹೆಚ್ಚೇ ಹೊತ್ತು. ಆಮೇಲೆ ವಾರ ತಪ್ಪದೆ ಬರುತ್ತಿದ್ದ, ಅವಳ ಮನೆಯ ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಡುತ್ತಿದ್ದ. ಗಿಟಾರು ಮಾತ್ರ ಮತ್ತೆಂದೂ ಆ ಹೊಸಿಲು ದಾಟಲಿಲ್ಲ. ಅವಳೂ ಕೇಳಲಿಲ್ಲ. ಕೇಳಿದರೆ ಅಂದದ್ದು ನೆನಪಾಗುತ್ತದಲ್ಲ ಎಂಬ ಭಯ.

*

ಹನ್ನೊಂದೂವರೆಗೆ ಒಬ್ಬ ಹೆಂಗಸು ಬಂದಳು. ನಲವತ್ತರ ಆಸುಪಾಸು, ರವಿಕೆಯ ತೋಳಿನ ತುದಿಯಲ್ಲಿ ಮೈದಾ ಹಿಟ್ಟು ಹಾಗೇ ಇತ್ತು. ಅಣ್ಣನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ತಂಗಿಯ ಪಕ್ಕದಲ್ಲಿ ಕೂತಳು.

"ನಾನು ಕೆಳಗಿನ ಬೇಕರಿಯಲ್ಲಿ ಕೆಲಸ ಮಾಡ್ತೀನಕ್ಕ. ಒಲೆ ಮುಂದೆ ಏನೋ ಗುನುಗ್ತಿದ್ದೆ. ಬ್ರೆಡ್ಡಿಗೆ ಬಂದಿದ್ದ ನಿಮ್ಮಣ್ಣ, ಇದನ್ನ ರೆಕಾರ್ಡ್ ಮಾಡಮ್ಮ ಅಂದ್ರು. ಯಾವ ಮೈಕು, ಯಾವ ಸಾಫ್ಟ್‌ವೇರು, ನನಗೆ ಒಂದೂ ಗೊತ್ತಿಲ್ಲ ಅಂದೆ. ಐದೇ ನಿಮಿಷದಲ್ಲಿ ಆರಿಸಿಕೊಟ್ರು."

"ಐದು ನಿಮಿಷ?" ತಂಗಿ ತಲೆ ಎತ್ತಿದಳು. "ಯಾರು, ನಮ್ಮಣ್ಣನಾ?"

"ಹೂಂ. ಸಾಧಾರಣದ್ದೇ ಸಾಕು ನಿನಗೆ, ಬಾಯಿ ಹತ್ರ ಇಟ್ಕೊಂಡು ಹಾಡಿಬಿಡು ಅಂದ್ರು. ಪುಕ್ಕಟೆ ಸಿಗೋ ಸಾಫ್ಟ್‌ವೇರನ್ನೇ ಹಾಕಿಕೊಟ್ಟು, ಕತ್ತರಿಸೋದು ಅಂಟಿಸೋದು ಎಲ್ಲ ಹೇಳಿಕೊಟ್ರು. ನಮ್ಮನೆ ಬೀರು ತೆಗೆಸಿ, ಬಟ್ಟೆ ನಡುವೆ ನನ್ನ ನಿಲ್ಲಿಸಿದ್ರು. ಅದೇ ಸ್ಟುಡಿಯೋ ಅಂದ್ರು!" ನಗಲು ಹೋದವಳಿಗೆ ಅಳು ಬಂತು.

ತಂಗಿ ಮೇಜಿನ ಮೇಲಿದ್ದ ಮೈಕಿನ ಪೆಟ್ಟಿಗೆಗಳ ಕಡೆ ನೋಡಿದಳು. "ಮತ್ತೆ ತನಗೆ ಯಾಕೆ ಆರಿಸ್ಕೊಳ್ಳಲಿಲ್ಲ?"

"ನಾನೂ ಕೇಳಿದ್ದೆ ಅಕ್ಕ." ಬೇಕರಿಯವಳು ಮೂಗು ಒರೆಸಿಕೊಂಡಳು. "ನಿನ್ನ ಹಾಡು ಚೆನ್ನಾಗಿದೆ ಅಂತ ನನಗೆ ಗೊತ್ತು, ನನ್ನದು ಹೇಗಿದೆಯೋ ಗೊತ್ತಿಲ್ಲ ಅಂದ್ರು. ಸರಿಯಾದ ಮೈಕ್ ಸಿಗೋವರೆಗೂ ಗೊತ್ತಾಗೋದೂ ಬೇಡ ಬಿಡು ಅಂತ ನಕ್ರು."

ತಂಗಿ ಅಣ್ಣನ ಪಾದದ ಮೇಲೆ ಸರಿದಿದ್ದ ಬಟ್ಟೆಯನ್ನು ಸರಿಮಾಡಿದಳು. ಸರಿಯಾಗಿದ್ದರೂ ಮತ್ತೊಮ್ಮೆ ಮಾಡಿದಳು.

"ಆದ್ರೂ ನಾನು ಬಿಡಲಿಲ್ಲ," ಎಂದಳು ಬೇಕರಿಯವಳು. "ನೀವು ಗಿಟಾರು ಹಿಡಿಯದಿದ್ರೆ ನಾನು ಬಾಯಿ ಬಿಡೋದಿಲ್ಲ ಅಂತ ಹಠ ಮಾಡಿದೆ. ಒಂದು ಹಾಡಿಗೆ ನುಡಿಸಿದ್ರು, ನಮ್ಮ ಅಡುಗೆಮನೆ ಸ್ಟೂಲಿನ ಮೇಲೆ ಕೂತು. ಯಾರಿಗೂ ಕೇಳಿಸಬೇಡ ಅಂದಿದ್ರು. ಈಗ... ಕೇಳ್ತೀರಾ?"

ಫೋನು ತೆಗೆದಳು. "ಹೀಗೇ ಹಾಕಿದ್ರೆ ಗಿಟಾರು ಸರಿಯಾಗಿ ಕೇಳಲ್ಲ ಅಕ್ಕ." ಮೇಜಿನ ಮೇಲಿದ್ದ ಅಣ್ಣನ ದೊಡ್ಡ ಹೆಡ್‌ಫೋನು ತಂದು ಸಿಕ್ಕಿಸಿ, ತಂಗಿಯ ನರೆಗೂದಲನ್ನು ಹಿಂದಕ್ಕೆ ಸರಿಸಿ ಎರಡೂ ಕಿವಿಗೆ ಕೂರಿಸಿದಳು.

ಹೊರಗಿನ ಅಳು, ಪಿಸುಮಾತು, ಗಾಡಿಯವನ ಹಾರ್ನು ಎಲ್ಲ ತಟ್ಟನೆ ನಿಂತುಹೋಯಿತು. ಯಾರೋ ಸ್ಟೂಲು ಎಳೆದರು. ಗಂಟಲು ಸರಿಮಾಡಿಕೊಂಡರು. "ಒಂದು, ಎರಡು, ಮೂರು," ಎಂದ ಅಣ್ಣ, ಮೆಲ್ಲಗೆ, ಅವಳ ಕಿವಿಯಲ್ಲೇ. ಆಮೇಲೆ ತಂತಿ ಮಿಡಿಯಿತು.

ಗಂಡ ಬಂದು ಅವಳ ಹೆಗಲು ಮುಟ್ಟಿದ. ಹೊತ್ತಾಯಿತು, ನಾಲ್ವರು ಎತ್ತುವುದಕ್ಕೆ ಬಗ್ಗಿದ್ದರು. ಅವಳು ಗಂಡನ ಮುಖ ನೋಡಿದಳು. ಹೆಡ್‌ಫೋನು ಹಾಕಿಕೊಂಡವರಿಗೆ ತಮ್ಮ ದನಿಯ ಎತ್ತರ ತಿಳಿಯುವುದಿಲ್ಲ. ಸಾವಿನ ಮನೆಯೆಲ್ಲ ಬೆಚ್ಚಿ ತಿರುಗಿ ನೋಡುವಂತೆ, ಸಂತೆಯ ಆಚೆ ತುದಿಯಲ್ಲಿರುವವನಿಗೆ ಹೇಳುವಂತೆ, ಅವಳು ಕೂಗಿದಳು:

"ರೀ, ಅಣ್ಣ ಎಷ್ಟು ಚೆನ್ನಾಗಿ ನುಡಿಸ್ತಾನೆ!"

ಬಗ್ಗಿದವರು ಹಾಗೇ ಬಗ್ಗಿ ನಿಂತರು. ಅವಳು ಕಣ್ಣು ಮುಚ್ಚಿ, ಮೊಣಕಾಲಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು.