ಸರದಿ ತಪ್ಪಿದ ಬೀಡಿ

ಅಜ್ಜಂಪುರದ ಈರುಳ್ಳಿ ಮಂಡಿಯಲ್ಲಿ ಹಮಾಲರು ಒಂದೇ ಬೀಡಿ ಹಚ್ಚಿ ಐದು ಜನರ ನಡುವೆ ಸುತ್ತಿಸುತ್ತಾರೆ. ಆ ಸುತ್ತಿನಲ್ಲಿ ಕೂತವನ ಬೆನ್ನಿಗೆ ಮಾತ್ರ ಉಳಿದವರು ಚೀಲ ಎತ್ತಿಕೊಡುತ್ತಾರೆ. ಹೊರಬಿದ್ದವನಿಗೆ ಮಂಡಿಯಲ್ಲಿ ಕೆಲಸವಿಲ್ಲ. ದರಿದ್ರ ಪದ್ಧತಿ, ಆದರೆ ಅವರ ಅಪ್ಪಂದಿರ ಕಾಲದಿಂದ ನಡೆದು ಬಂದಿದೆ.

ಕರಿಸಿದ್ದಪ್ಪ ಆರು ತಿಂಗಳು ಟಿ.ಬಿ. ಮಾತ್ರೆ ನುಂಗಿ, ಗುಣವಾಗಿ, ಅಂದು ಬೆಳಿಗ್ಗೆಯಷ್ಟೇ ಕೆಲಸಕ್ಕೆ ಮರಳಿದ್ದ. ಕೈಯಲ್ಲಿ ಚೀಲಕ್ಕೆ ಸಿಕ್ಕಿಸುವ ಕಬ್ಬಿಣದ ಕೊಕ್ಕೆ. ಎದೆಯಲ್ಲಿ ಒಂದೇ ಅಳುಕು, ಇವರು ತನ್ನನ್ನು ಮತ್ತೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ.

"ಕಾಯಿಲೆ ಹೋಗೈತೆ ಕಣಣ್ಣಾ. ಬೀಡಿ ಮುಟ್ಟಿದ್ರೆ ವಾಪಸ್ ಬತ್ತೈತೆ" ಎಂದು ಆಶಾ ಕಾರ್ಯಕರ್ತೆ ಪಂಕಜಾಕ್ಷಿ ಗಿಣಿಗೆ ಹೇಳಿದಂತೆ ಹೇಳಿದ್ದಳು. ಹೊಟ್ಟೆಪಾಡಿನ ಮುಂದೆ ಆ ಮಾತು ನಿಲ್ಲಲಿಲ್ಲ.

ಲಾರಿ ತುಂಬಿದ ಮೇಲೆ ಎಲ್ಲರೂ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತರು. ಅಂಜಿನಪ್ಪ ಹಚ್ಚಿದ ಬೀಡಿ ಪರಮೇಶನ ಕೈಗೆ ಬಂತು. ಹತ್ತು ವರ್ಷದಿಂದ ಕರಿಸಿದ್ದಪ್ಪನ ಬೆನ್ನಿಗೆ ಚೀಲ ಎತ್ತಿಕೊಡುತ್ತಿದ್ದವನು ಇದೇ ಪರಮೇಶ. ಮುಂದಿನ ಸರದಿ ತನ್ನದೆಂದು ಕರಿಸಿದ್ದಪ್ಪ ಕೈ ಚಾಚಿದ. ಪರಮೇಶ ಒಂದು ದಮ್ಮೂ ಎಳೆಯದೆ ಬೀಡಿಯನ್ನು ನೆಲಕ್ಕೆ ಹೊಸಕಿ, ಟವೆಲಿನಿಂದ ಬಾಯಿ ಮುಚ್ಚಿಕೊಂಡು ಆಚೆ ತಿರುಗಿದ.

"ಯಾಕ್ಲಾ, ನನ್ನ ಉಸ್ರು ನಿಂಗೆ ವಿಷ ಆಯ್ತಾ?"

ಪರಮೇಶ ಇನ್ನಷ್ಟು ಆಚೆ ಸರಿದ. ಕರಿಸಿದ್ದಪ್ಪನ ಪಿತ್ತ ನೆತ್ತಿಗೇರಿತು. ಎದ್ದವನೇ ಪರಮೇಶನ ಎದೆಗೆ ಒದ್ದ. ಬಿಡಿಸಲು ಬಂದ ಅಂಜಿನಪ್ಪನ ಬಾಯಿಗೆ ಮೊಣಕೈ ಬಿದ್ದು ಹಲ್ಲು ಮುರಿಯಿತು. ಈರುಳ್ಳಿ ಸಿಪ್ಪೆಯ ಮೇಲೆ ಅಂಗಾತ ಬಿದ್ದ ಪರಮೇಶ ಇಬ್ಬರನ್ನು ಒಟ್ಟಿಗೆ ಎತ್ತಿ ಎಸೆಯಬಲ್ಲ ಆಳು, ಆದರೂ ಕೈ ಎತ್ತಲಿಲ್ಲ.

"ಹತ್ರ ಬರಬ್ಯಾಡ. ದೂರ ನಿಂತ್ಕಂಡು ಹೊಡಿ, ಅಣ್ಣಾ."

ಆ ಮಾತು ಉರಿಯುವ ಬೆಂಕಿಗೆ ತುಪ್ಪ ಸುರಿಯಿತು. ಕರಿಸಿದ್ದಪ್ಪ ಕೊಕ್ಕೆಯನ್ನು ಅವನ ಬಲ ಮುಂಗೈಗೆ ಬೀಸಿ, ಸಿಕ್ಕಿಕೊಂಡದ್ದನ್ನು ಜಗ್ಗಿ ಎಳೆದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಮಾಂಸ ಸೀಳಿಹೋಯಿತು. ಪರಮೇಶ ಹೊರಳಿದಾಗ ಅವನ ಅಂಗಿಯ ಜೇಬಿನಿಂದ ಒಂದು ಮಾತ್ರೆಯ ಹಾಳೆ ಜಾರಿ ಬಿತ್ತು.

ಕರಿಸಿದ್ದಪ್ಪ ಅದನ್ನು ನೋಡಿದ. ತಾನು ಆರು ತಿಂಗಳು ನುಂಗಿದ ಅದೇ ಟಿ.ಬಿ. ಮಾತ್ರೆ.

"ನಂಗೂ ಐತೆ ಅಂತ ಮೊನ್ನೆ ಗೊತ್ತಾಯ್ತು" ಎಂದ ಪರಮೇಶ, ಟವೆಲ್ ಇನ್ನೂ ಬಾಯಿಗೆ ಒತ್ತಿಕೊಂಡೇ. "ನಿಂಗೆ ವಾಸಿ ಆಗೈತೆ. ಬೀಡಿ ಸೇದಿದ್ರೆ ಮತ್ತೆ ಬತ್ತೈತಂತೆ. ಅದ್ಕೇ ಕೊಡ್ಲಿಲ್ಲ."

ಹೋದ ವರ್ಷ ಎರಡು ತಿಂಗಳು ಕೆಮ್ಮು ಮುಚ್ಚಿಟ್ಟು, ಇದೇ ಸುತ್ತಿನಲ್ಲಿ, ಇವನ ಪಕ್ಕದಲ್ಲೇ ಕೂತಿದ್ದು ಕರಿಸಿದ್ದಪ್ಪನಿಗೆ ನೆನಪಾಯಿತು. ತಲೆಯ ರುಮಾಲು ಬಿಚ್ಚಿ ಅವನ ಕೈಗೆ ಸುತ್ತತೊಡಗಿದ. ಎಷ್ಟು ಸುತ್ತಿದರೂ ರಕ್ತ ನಿಲ್ಲಲಿಲ್ಲ, ನಡುವೆ ಬೆಳ್ಳಗೆ ಮೂಳೆ ಕಾಣುತ್ತಿತ್ತು. ಈ ಕೈ ಇನ್ನು ಯಾರ ಬೆನ್ನಿಗೂ ಚೀಲ ಎತ್ತಿಕೊಡುವುದಿಲ್ಲ ಎಂದು ಕರಿಸಿದ್ದಪ್ಪನಿಗೆ ತಿಳಿಯಿತು.