ನಾರಿನ ತುದಿ

ನಾನೂ ಅಭಿರಾಮನೂ ಸೇರಿ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತಿದ್ದೇವೆ. ಅದರಲ್ಲಿ ಕೋಟ್‌ಗಳ ನಡುವಿನ ಬರಹದೊಳಗೆ ಇನ್ನೊಂದು ಕೋಟ್ ಬಂದರೆ ಅದರ ಹಿಂದೆ ಓರೆಗೆರೆ ಹಾಕಲೇಬೇಕು; ಇಲ್ಲದಿದ್ದರೆ ಬರಹ ಅಲ್ಲಿಗೇ ಮುಗಿಯಿತೆಂದು ಕಂಪ್ಯೂಟರ್ ತಿಳಿಯುತ್ತದೆ. ಅವನಿಗೆ ಅದು ರೋಸಿಹೋಗಿತ್ತು. ಸಂಜೆ ಗಾಂಧಿ ಬಜಾರಿನ ಮಬ್ಬು ಬೆಳಕಿನಲ್ಲಿ ನಡೆಯುತ್ತಾ ಅಂದ:

“ಬರೆದಿದ್ದನ್ನ ಬರೆದ ಹಾಗೇ ಓದೋಕೆ ಹೊಸ ಗುರುತು ಒಂದು ಸೇರಿಸ್ಬಿಡೋಣ ದೀಪ್ತಿ. ಓರೆಗೆರೆನೇ ಬೇಡ.”

“ಆ ಗುರುತೇ ಒಳಗೂ ಬಂದ್ರೆ? ಬರಹ ಎಲ್ಲಿ ಮುಗೀತು ಅಂತ ಹೇಗೆ ಗೊತ್ತಾಗತ್ತೆ?”

“ಅದು ಯಾವಾಗೋ ಒಂದ್ಸಲ. ನಿಂಗೆ ಎಲ್ಲದಕ್ಕೂ ಅನುಮಾನ.”

ಜಗಳವಾಡದೆ ಮಲ್ಲಿಗೆ ಕೊಂಡೆ. ಹೂವಿನಮ್ಮ ಮೊಳ ಹಾಕಿ, ಕತ್ತರಿಸಿ, ಬಾಳೆಎಲೆಯಲ್ಲಿ ಸುತ್ತಿ, ಹೂ ಕಟ್ಟುವ ಬಾಳೆನಾರಿನಿಂದಲೇ ಪೊಟ್ಟಣವನ್ನೂ ಬಿಗಿದರು.

ಪಾರ್ಕಿನ ಬೆಂಚಿನಲ್ಲಿ ಕೂತಾಗ, ಘಮ ನೋಡುತ್ತೇನೆಂದು ಅಭಿರಾಮ ಪೊಟ್ಟಣ ಬಿಚ್ಚಹೊರಟ. ಒಂದೇ ಥರದ ಎರಡು ನಾರಿನ ತುದಿಗಳು ಇಣುಕುತ್ತಿದ್ದವು. ಒಂದನ್ನು ಎಳೆದ. ಅದು ಹೂ ಕಟ್ಟಿದ್ದ ನಾರು. ಕಟ್ಟು ಒಂದೊಂದಾಗಿ ಸಡಿಲಿ, ಎಲೆಯ ಬಾಯಿಂದ ಮೊಗ್ಗುಗಳು ಸದ್ದಿಲ್ಲದೆ, ಕನಸಿನಲ್ಲಿ ಅಕ್ಷರಗಳು ಉದುರುವ ಹಾಗೆ, ಹುಲ್ಲಿನ ಮೇಲೆಲ್ಲ ಉದುರಿದವು. ಪೊಟ್ಟಣದ ಗಂಟು ಮಾತ್ರ ಹಾಗೇ ಇತ್ತು.

ಬರಿಯ ನಾರು ಹಿಡಿದುಕೊಂಡು ಅವನು ನನ್ನ ಮುಖ ನೋಡಿದ.

“ಯಾವಾಗೋ ಒಂದ್ಸಲ,” ಎಂದೆ.