ಕೊನೆ ಪುಟದ ಕೊಲೆಗಾರ

ಶಿಕಾರಿಪುರದ ಆ ಕೇರಿಯಲ್ಲಿ ಬೇಸಿಗೆ ಬಂತೆಂದರೆ ದಿನಕ್ಕೊಬ್ಬರ ಮನೆಯಲ್ಲಿ ಹಪ್ಪಳ. ಹೆಂಗಸರೆಲ್ಲ ಲಟ್ಟಿಸಬೇಕು, ರಾಜೇಶ್ವರಮ್ಮ ಒಬ್ಬರನ್ನು ಬಿಟ್ಟು. ಅವರು ಗೋಡೆಗೊರಗಿ ಪತ್ತೇದಾರಿ ಚಿತ್ರಕಥೆ ಓದಬೇಕು, ಹಿಟ್ಟಿನ ಕೈಯವರಿಗೆ ಚಿತ್ರ ಎತ್ತಿ ತೋರಿಸಬೇಕು. ಅವರು ಲಟ್ಟಿಸಿದ ಹಪ್ಪಳ ಎಮ್ಮೆಯ ಕಿವಿಯಂತಿರುತ್ತಿತ್ತು ಎಂಬುದೂ ಇದಕ್ಕೊಂದು ಕಾರಣ, ಬಿಡಿ. ಆದರೂ ಆ ಗೋಡೆಯ ಜಾಗವೆಂದರೆ ಅವರಿಗೆ ಪ್ರಾಣ.

ಆ ವರ್ಷ ಅವರು ಅಂಗಡಿಯ ಅಸಲಿ ಪುಸ್ತಕ ಬಿಟ್ಟು ಶಿರಾಳಕೊಪ್ಪದ ಸಂತೆಯಿಂದ ಕಳ್ಳಪ್ರತಿ ತಂದರು. ಅರ್ಧ ಬೆಲೆ! ಅಗ್ಗದ ಆಸೆ ಯಾರನ್ನು ಬಿಟ್ಟಿದೆ? ಮಸಿ ಕೈಗೆ ಹತ್ತುತ್ತಿತ್ತು, ಪತ್ತೇದಾರನಿಗೆ ಮೂಗೇ ಅಚ್ಚಾಗಿರಲಿಲ್ಲ. ಕಥೆ ಮಾತ್ರ ಓಡಿತು. ಸಾಹುಕಾರನ ಹೆಣ ಬಿತ್ತು, ಮನೆಯವರೆಲ್ಲ ಸಾಲಾಗಿ ನಿಂತರು, ಪತ್ತೇದಾರ ಬೆರಳೆತ್ತಿದ. ಲಟ್ಟಣಿಗೆಗಳೆಲ್ಲ ನಿಂತವು.

"ಕೊಲೆಗಾರ ಬೇರಾರೂ ಅಲ್ಲ..." ಎನ್ನುತ್ತ ರಾಜೇಶ್ವರಮ್ಮ ಹಾಳೆ ತಿರುವಿದರು. 'ನಿಂಬೆಹಣ್ಣನ್ನು ಹೆಚ್ಚಿ ಉಪ್ಪು ಬೆರೆಸಿ' ಎಂದಿತ್ತು! ಯಾವನೋ ಪುಣ್ಯಾತ್ಮ ಅಡುಗೆ ಪುಸ್ತಕದ ಹಾಳೆಗಳನ್ನು ಸೇರಿಸಿ ಹೊಲಿದಿದ್ದ. ಅವರು ಹಾಳೆಯನ್ನು ಬೇಗನೆ ತಮ್ಮತ್ತ ವಾಲಿಸಿಕೊಂಡರು.

"ಯಾರ್ರೀ ಅವ್ನು?" ಎಂದರು ಆ ದಿನದ ಮನೆಯೊಡತಿ ಲೋಕಮ್ಮ.

"ಅಡಿಗೆಯವ್ನು ಕಣ್ರೀ! ಉಪ್ಪಿನಕಾಯಾಗೆ ವಿಷ ಹಾಕಿದ್ನಂತೆ."

"ಚಿತ್ರ ತೋರಿಸ್ರಿ ಮತ್ತೆ."

ರಾಜೇಶ್ವರಮ್ಮ ಧೈರ್ಯ ಮಾಡಿ ಆ ಹಾಳೆಯಲ್ಲಿದ್ದ ಉಪ್ಪಿನಕಾಯಿ ಜಾಡಿಯ ಚಿತ್ರವನ್ನೇ ಎತ್ತಿ ಹಿಡಿದರು. ಎಲ್ಲರೂ ಹೌಹಾರಿದರು. ಸೊರಬದಿಂದ ಹೊಸದಾಗಿ ಸೊಸೆಯಾಗಿ ಬಂದಿದ್ದ ನರ್ಮದಾ ಮಾತ್ರ ಬಗ್ಗಿ ನೋಡಿದಳು.

"ದೊಡ್ಡಮ್ಮ, ಇಲ್ಲಿ 'ಎರಡು ಚಮಚ ಸಾಸಿವೆ' ಅಂತ ಇದೆಯಲ್ಲ? ಈ ಕತೆ ನಾನು ನಮ್ಮೂರಿನ ಲೈಬ್ರರೀಲಿ ಓದಿದೀನಿ. ಕೊಂದಿದ್ದು ಡಾಕ್ಟ್ರು."

ನಗೆಯೋ ನಗೆ! ರಾಜೇಶ್ವರಮ್ಮನ ಕೈಗೆ ಲಟ್ಟಣಿಗೆ ಬಂತು, ಗೋಡೆ ನರ್ಮದಾಳ ಪಾಲಾಯಿತು.

ಮರುದಿನ ಅವಳು ಇಲ್ಲಿನ ಲೈಬ್ರರಿಯಿಂದ ಹೊಸ ಕಥೆ ತಂದಳು. ಪುಸ್ತಕವೇನೋ ಲಕ್ಷಣವಾಗಿತ್ತು. ಓದಿದ್ದು ಮಾತ್ರ ರೇಷನ್ ಅಂಗಡಿಯ ಬೋರ್ಡು ಓದಿದ ಹಾಗೆ. ಹೆಣ ಬಿದ್ದರೂ ಒಬ್ಬರೂ ಅಯ್ಯೋ ಎನ್ನಲಿಲ್ಲ. ಮೂಲೆಯಲ್ಲಿ ಎಮ್ಮೆ ಕಿವಿಗಳನ್ನು ಲಟ್ಟಿಸುತ್ತಿದ್ದ ರಾಜೇಶ್ವರಮ್ಮನಿಗೆ ಅಳುವೇ ಬಂತು.

ಲೋಕಮ್ಮನಿಗೆ ತಡೆಯಲಾಗಲಿಲ್ಲ. "ಪುಸ್ತಕ ಲೈಬ್ರರಿದೇ ಇರ್ಲಿ, ಬಾಯಿ ಇವ್ರದೇ ಇರ್ಲಿ. ಈ ಹಪ್ಪಳಗಳಾದ್ರೂ ಉಳೀತಾವೆ."

ನರ್ಮದಾ ಬದುಕಿದೆಯಾ ಬಡಜೀವವೇ ಎಂದು ಪುಸ್ತಕ ಕೊಟ್ಟಳು. ರಾಜೇಶ್ವರಮ್ಮ ಕಣ್ಣೊರೆಸಿಕೊಂಡು ಗೋಡೆಗೆ ಬಂದು ಒರಗಿದರು. ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದುತ್ತಾರೆ. ಅವರು ಮೊದಲು ಕೊನೆಯ ಪುಟವನ್ನೇ ತೆಗೆದರು. ನಿಂಬೆಹಣ್ಣಿಲ್ಲ, ಸಾಸಿವೆಯಿಲ್ಲ, ಕಥೆ ಪೂರ್ತಿ ಇದೆ! ಖುಷಿಗೆ ಅವರ ಬಾಯಿ ನಿಲ್ಲಲಿಲ್ಲ.

"ಅಯ್ಯೋ ಶಿವನೇ, ಕೊಂದೋಳು ಸ್ವಂತ ತಂಗೀನೇ ಕಣ್ರೀ!"

ಲೋಕಮ್ಮ ಲಟ್ಟಣಿಗೆಯನ್ನು ಮತ್ತೆ ಅವರತ್ತ ಚಾಚಿದರು.